ಮೊದಲ ಸುತ್ತು

ಏಳು ಕಡಲಿನ ಆಚೆಯಿಂದ ಹಡಗೇರಿ ಬಂದ ಕೆಂಪು ಕಾರೊಂದಿತ್ತಂತೆ. ಅದಕ್ಕೆ ಎರಡೇ ಬಾಗಿಲು, ಎರಡೇ ಸೀಟು. ಅದರ ಯಜಮಾನ ನೆಂಟರನ್ನೂ ಅದರೊಳಗೆ ಕೂರಿಸುತ್ತಿರಲಿಲ್ಲವಂತೆ.

ಹಳೆಯ ಕಾರುಗಳ ಪ್ರದರ್ಶನದಲ್ಲಿ ಅದರ ಸುತ್ತ ಜನ ನೆರೆದಿದ್ದರು.

“ಹಿಂಭಾಗ ನೋಡ್ರೀ, ವಿಮಾನದ ಬಾಲ ನೋಡ್ಕೊಂಡೇ ಮಾಡಿರೋದು,” ಎಂದ ಒಬ್ಬ.

“ಮೂತಿ ಮಾತ್ರ ಇಟಲಿ ಕಾರಿಂದು ಸ್ವಾಮಿ, ಸೀದಾ ಕದ್ದಿದಾರೆ,” ಎಂದ ಇನ್ನೊಬ್ಬ.

ಯಜಮಾನನ ಕಣ್ಣು ಒಬ್ಬ ಮುದುಕಿಯ ಮೇಲಿತ್ತು. ಅವಳು ಕಾರಿನ ಅಂದ ನೋಡುತ್ತಿರಲಿಲ್ಲ. ಸೆರಗಿನಲ್ಲಿ ಏನನ್ನೋ ಮುಚ್ಚಿಕೊಂಡು ಚಕ್ರಗಳನ್ನೇ ನೋಡುತ್ತ ಸುತ್ತುತ್ತಿದ್ದಳು. ಮುಂದಿನ ಚಕ್ರದ ಬಳಿ ಅವಳು ಕುಕ್ಕರಿಸಿದ್ದೇ ತಡ, ಅವನು ಓಡಿಬಂದು ಕೈ ಹಿಡಿದ. ಸೆರಗಿನಿಂದ ನಿಂಬೆಹಣ್ಣೊಂದು ಉರುಳಿತು.

“ಮಾಟ ಮಾಡೋಕೆ ನಿನ್ನನ್ನ ಯಾರು ಕಳಿಸಿದ್ದು?”

“ನಿಮ್ಮಪ್ಪಾವ್ರು.”

“ಅಪ್ಪ ತೀರಿಕೊಂಡು ಯಾವ ಕಾಲ ಆಯ್ತು.”

“ಕಳಿಸಿದ್ದು ಈ ಕಾರು ಬಂದ ದಿನ ಬುದ್ಧೀ. ನಾನು ನಿಮ್ಮನೆ ಅಡುಗೆಯವಳ ಮಗಳು. ‘ಪೂಜೆಗೆ ಚಕ್ರದಡಿ ಇಡೋಕೆ ನಾಲ್ಕು ನಿಂಬೆಹಣ್ಣು ತಗೊಂಬಾ, ಮೊದಲ ಸುತ್ತು ನಿನಗೇ’ ಅಂದ್ರು. ಸಂತೆಯಿಂದ ಓಡೋಡಿ ಬಂದೆ. ಅಷ್ಟರಲ್ಲಿ ಅಮ್ಮಾವ್ರು ನಿಮ್ಮನ್ನ ತೊಡೆ ಮೇಲೆ ಕೂರಿಸ್ಕೊಂಡು ಕಾರಲ್ಲಿ ಹೊರಟೇಬಿಟ್ಟಿದ್ರು.”

ಯಜಮಾನ ಅವಳ ಕೈ ಬಿಟ್ಟ. ಉರುಳಿದ ಹಣ್ಣನ್ನು ತಾನೇ ಹೆಕ್ಕಿ ತಂದ. ಅವಳ ಸೆರಗಿನಲ್ಲಿದ್ದ ಉಳಿದ ಮೂರನ್ನೂ ತೆಗೆದುಕೊಂಡು, ಒಂದೊಂದು ಚಕ್ರದಡಿಗೆ ಒಂದೊಂದು ಇಟ್ಟು ಬಾಗಿಲು ತೆರೆದ.

“ಹತ್ತಿ, ಅಕ್ಕಾ.”

ಮುದುಕಿ ಕೂತ ಮೇಲೆ ಕಾರು ಮೆಲ್ಲಗೆ ಮುಂದೆ ಸರಿಯಿತು. ನಾಲ್ಕು ನಿಂಬೆಹಣ್ಣೂ ಪಚಕ್ಕೆಂದು ಒಡೆದವು.