ಹತ್ತಬೇಕಿದ್ದ ದೀಪ

ಈ ಸಲ ವ್ಯಾನನ್ನು ತಳ್ಳಿಕೊಂಡೇ ತಂದಿದ್ದರು. ತಳ್ಳಲು ಕೈಜೋಡಿಸಿದ ದಾರಿಹೋಕರಿಬ್ಬರು ಗ್ಯಾರೇಜಿನ ಬಾಗಿಲಿನಿಂದಲೇ ಹಿಂದಿರುಗಿದರು. ಡ್ರೈವರನ ಅಂಗಿ ಬೆವರಿಗೆ ಬೆನ್ನಿಗಂಟಿತ್ತು.

“ಹದಿನೈದು ದಿನದಲ್ಲಿ ಮೂರನೇ ಸಲ. ನಿಮ್ಮ ಗ್ಯಾರೇಜು ಈ ಗಾಡಿಗೆ ತವರುಮನೆ ಆಗಿಬಿಟ್ಟಿದೆ ಅಕ್ಕಾ,” ಎಂದ. ಯಾರಿಗೂ ನಗು ಬರಲಿಲ್ಲ, ಅವನಿಗೂ ಸಹ. ಡಯಾಲಿಸಿಸ್ ರೋಗಿಗಳನ್ನು ಆಸ್ಪತ್ರೆಗೆ ಮುಟ್ಟಿಸಿ ಮತ್ತೆ ಮನೆಗೆ ಬಿಡುವ ವ್ಯಾನು ಅದು. ನಿನ್ನೆ ನಾಲ್ವರನ್ನು ಕೂರಿಸಿಕೊಂಡು ಹೋಗುವಾಗ ನಟ್ಟನಡು ಸೇತುವೆಯಲ್ಲಿ ಕೈಕೊಟ್ಟಿತ್ತು. ಇವತ್ತು ಮೂರು ಗಂಟೆಗೆ ಇನ್ನು ನಾಲ್ವರು ಆಸ್ಪತ್ರೆಯ ಬಾಗಿಲಲ್ಲಿ ಇದನ್ನೇ ಕಾಯುತ್ತಿರುತ್ತಾರೆ.

“ಆಲ್ಟರ್ನೇಟರ್ ಹೋಗಿದೆ. ಬಿಚ್ಚಿ ಹೊಸದು ಹಾಕು,” ಎಂದ ಅಪ್ಪ, ಗೋಡೆಬದಿಯ ಸ್ಟೂಲಿನಿಂದ ಏಳದೆ. ಕಳೆದೆರಡು ಸಲ ಬ್ಯಾಟರಿಗೆ ಚಾರ್ಜ್ ತುಂಬಿಸಿ ಕಳಿಸಿದ್ದವನೂ ಅವನೇ. ನಲವತ್ತು ವರ್ಷದ ಕೈ ಅದು. ಸ್ಪ್ಯಾನರನ್ನು ಬೆರಳಿನಿಂದ ಸವರಿದರೆ ಸಾಕು, ಅಳತೆ ಹೇಳುತ್ತಿದ್ದ.

“ಅಳೆದು ನೋಡಿ ಬಿಚ್ಚೋಣ ಅಪ್ಪ,” ಎಂದಳು ಮಗಳು. ಅಂಗಡಿಯಲ್ಲಿದ್ದ ತುಂಬಿದ ಬ್ಯಾಟರಿಯನ್ನು ಕೂರಿಸಿ ಎಂಜಿನ್ ಎಬ್ಬಿಸಿ, ಮೀಟರಿನ ಕಡ್ಡಿಗಳನ್ನು ಬ್ಯಾಟರಿಯ ತಲೆಗಳಿಗೆ ಇಟ್ಟಳು. ಹದಿನಾಲ್ಕು ವೋಲ್ಟ್ ತೋರಬೇಕಾದ ಕಡೆ ಹನ್ನೆರಡು ತೋರಿಸಿತು. ಆಕ್ಸಿಲರೇಟರ್ ಒತ್ತಿದರೂ ಅಷ್ಟೇ. ಅಂದರೆ ಗಾಡಿ ಓಡುವಾಗ ಬ್ಯಾಟರಿ ತುಂಬಬೇಕಾದ ಆಲ್ಟರ್ನೇಟರಿನಿಂದ ಒಂದು ಹನಿ ಕರೆಂಟೂ ಬರುತ್ತಿಲ್ಲ. ಎಂಜಿನ್ ಆರಿಸಿ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿದಳು, ಬಿಗಿಯಾಗಿತ್ತು. ಹಿಂದಿನ ದಪ್ಪ ವೈರನ್ನು ಅಲುಗಿಸಿದಳು, ಗಟ್ಟಿಯಾಗಿ ಕೂತಿತ್ತು. ಇನ್ನು ಅಪ್ಪ ಹೇಳಿದಂತೆ ಬಿಚ್ಚುವುದೊಂದೇ ಉಳಿಯಿತು ಎಂದುಕೊಂಡು, ಯಾವುದಕ್ಕೂ ಇರಲಿ ಎಂದು ಕೀಯನ್ನು ಅರ್ಧ ಮಾತ್ರ ತಿರುಗಿಸಿದಳು. ಆಯಿಲ್ ದೀಪ ಹತ್ತಿತು. ಪಕ್ಕದಲ್ಲಿ ಬ್ಯಾಟರಿ ಚಿತ್ರದ ಕೆಂಪು ದೀಪ ಹತ್ತಲಿಲ್ಲ.

“ಇದು ಎಷ್ಟು ದಿನದಿಂದ ಹತ್ತುತ್ತಿಲ್ಲ?”

“ಹತ್ತಿದ್ರೆ ತಾನೇ ತೊಂದರೆ? ಹತ್ತಲಿಲ್ವಲ್ಲ, ಎಲ್ಲಾ ಸರಿಯಿದೆ ಅಂತ ನಾನು ನೆಮ್ಮದಿಯಾಗಿದ್ದೆ,” ಎಂದ ಡ್ರೈವರ್.

“ಕೀ ಹಾಕಿದಾಗ ಹತ್ತಬೇಕು, ಗಾಡಿ ಸ್ಟಾರ್ಟ್ ಆದ್ಮೇಲೆ ಆರಬೇಕು. ಇಂಥ ಹಳೇ ಗಾಡೀಲಿ ಆಲ್ಟರ್ನೇಟರನ್ನ ಎಬ್ಬಿಸೋ ಚೂರು ಕರೆಂಟು ಈ ಬಲ್ಬ್ ದಾಟಿಯೇ ಹೋಗೋದು. ಬಲ್ಬ್ ಇಲ್ಲ ಅಂದ್ರೆ ಅದು ಸುಮ್ನೆ ತಿರುಗುತ್ತೆ, ಕೆಲಸ ಮಾಡಲ್ಲ.”

ಕೀ ತೆಗೆದು, ಸ್ಕ್ರೂಗಳನ್ನು ಬಿಚ್ಚಿ ಡ್ಯಾಶ್‌ಬೋರ್ಡಿನ ಫಲಕವನ್ನು ಹೊರಗೆಳೆದಳು. ಹಿಂದೆ ಸಾಲಾಗಿ ಬಲ್ಬುಗಳಿದ್ದವು. ನಾಲ್ಕನೆಯ ತೂತು ಖಾಲಿ. ಬಲ್ಬ್ ಸುಟ್ಟಿರಲಿಲ್ಲ, ಅಲ್ಲಿ ಬಲ್ಬೇ ಇರಲಿಲ್ಲ. ಸ್ಪೀಡೋಮೀಟರಿನ ಮುಳ್ಳು ಸರಿಮಾಡಲು ಮೂರು ವಾರದ ಹಿಂದೆ ಈ ಫಲಕವನ್ನು ಬಿಚ್ಚಿದ್ದು ಯಾರೆಂದು ಅವಳಿಗೆ ಗೊತ್ತಿತ್ತು. ಅವಳ ಕೈ ಅಲ್ಲೇ ನಿಂತಿತು.

“ಏನಾಗಿದೆ ಅಕ್ಕಾ?”

“ಬಲ್ಬ್ ಸುಟ್ಟುಹೋಗಿದೆ,” ಎಂದಳು, ತಲೆಯೆತ್ತದೆ.

“ಹಾಗಾದ್ರೆ ಸುಟ್ಟಿದ್ದನ್ನ ಅವರ ಕೈಗೆ ಕೊಡು,” ಎಂದ ಅಪ್ಪ. ಬಿಚ್ಚಿದ ಸಾಮಾನು ಎಷ್ಟೇ ಚಿಕ್ಕದಿರಲಿ, ಗಾಡಿಯವರ ಕೈಗೇ ಕೊಡಬೇಕು. ಅಂಗಡಿ ತೆರೆದಂದಿನಿಂದ ಅವನು ಪಾಲಿಸಿಕೊಂಡು ಬಂದ ಪದ್ಧತಿ.

“ಎಲ್ಲೋ ಬಿತ್ತು.”

“ಹುಡುಕು. ನಮ್ಮ ಅಂಗಡೀಲಿ ಹಳೇ ಸಾಮಾನು ಮಾಯ ಆಗುತ್ತೆ ಅನ್ನೋ ಮಾತು ಬರಬಾರದು.”

ಅವಳು ನೆಲದ ಮೇಲೆ ಕೈಯಾಡಿಸಿದಂತೆ ಮಾಡಿದಳು. ಡ್ರೈವರನೂ ಬಗ್ಗಿ ಹುಡುಕತೊಡಗಿದ. ಅಪ್ಪ ಸ್ಟೂಲಿನಿಂದ ಎದ್ದು ಬಂದು ಕೈ ನೀಡಿ ನಿಂತ. ಆ ಖಾಲಿ ಅಂಗೈಯನ್ನು ನೋಡುತ್ತಾ ಅವಳಿಗೆ ಇನ್ನು ಸುಳ್ಳು ಹೊರಡಲಿಲ್ಲ.

“ಬಲ್ಬ್ ಇರಲೇ ಇಲ್ಲ ಅಪ್ಪ.”

ಅಪ್ಪನ ಕೈ ಮೆಲ್ಲನೆ ಕೆಳಗಿಳಿಯಿತು. ಅವನು ಡ್ರೈವರನ ಕಡೆ ತಿರುಗಿದ. “ಮುಳ್ಳು ಸರಿಮಾಡೋವಾಗ ಇದನ್ನ ಬಿಚ್ಚಿದ್ದು ನಾನು. ಹಾಕೋದು ಬಿಟ್ಟಿದ್ದೂ ನಾನೇ. ತಪ್ಪಾಯ್ತಪ್ಪ.”

ಪರವಾಗಿಲ್ಲ ಎಂದುಬಿಡುತ್ತಾನೆ ಎಂದು ಮಗಳು ಕಾದಳು. ಅವನು ಹಾಗೆನ್ನಲಿಲ್ಲ. “ನಿನ್ನೆ ಬಿಸಿಲಲ್ಲಿ ಒಂದು ಅಜ್ಜಿಗೆ ತಲೆ ಸುತ್ತಿ, ನನ್ನ ಜೀವ ಬಾಯಿಗೆ ಬಂದಿತ್ತು ಯಜಮಾನ್ರೇ,” ಎಂದ. “ಇರ್ಲಿ. ಮೂರು ಗಂಟೆಗೆ ಗಾಡಿ ಹೊರಡುತ್ತಾ, ಅದನ್ನ ಹೇಳಿ.”

ಹೊಸ ಬಲ್ಬ್ ಕೂರಿಸಲು ಐದು ನಿಮಿಷವೂ ಹಿಡಿಯಲಿಲ್ಲ. ಎಂಜಿನ್ ಎದ್ದೊಡನೆ ಮೀಟರು ಹನ್ನೆರಡರಿಂದ ಹದಿನಾಲ್ಕಕ್ಕೆ ಜಿಗಿಯಿತು. ಡ್ರೈವರ್ ಮೀಟರನ್ನು ತನ್ನ ಕೈಗೇ ಇಸಿದುಕೊಂಡು ಎರಡೆರಡು ಸಲ ನೋಡಿ, ಉಸಿರುಬಿಟ್ಟು, ಮುಖ ತೊಳೆಯಲು ನಲ್ಲಿಯ ಕಡೆ ಹೋದ. ಅವಳು ಎಂಜಿನ್ ಆರಿಸಿ, ಕೀ ತೆಗೆದು, ಫಲಕವನ್ನು ಮುಚ್ಚಿ ಕೆಳಗಿಳಿದಳು.

“ಸರಿ, ಜರುಗು,” ಎಂದ ಅಪ್ಪ. ಬಾಗಿಲು ಹಿಡಿದು ಸೀಟಿಗೆ ಹತ್ತಿ ಕೂತು, ಸ್ಟೀರಿಂಗಿನ ಮೇಲೆ ಬಾಗಿ, ಮುಖವನ್ನು ಡ್ಯಾಶ್‌ಬೋರ್ಡಿನ ಒಂದು ಗೇಣು ಹತ್ತಿರಕ್ಕೆ ಒಯ್ದ. “ಕೀ ತಿರುಗಿಸು. ಈ ಸಲ ನಾನೇ ಕಣ್ಣಾರೆ ನೋಡಿ ಕಳಿಸ್ತೀನಿ.”

ಮಗಳು ಪಕ್ಕದಿಂದ ಕೈ ಚಾಚಿದಳು. ಕೀಗೊಂಚಲು ಸ್ಟೀರಿಂಗಿಗೆ ತಗುಲಿ ಕಿಣಿ ಎಂದಿತು.

“ಹಾಂ, ಹತ್ತಿತು,” ಎಂದ ಅಪ್ಪ. “ಕೆಂಪಗೆ, ಲಕ್ಷಣವಾಗಿ ಉರೀತಿದೆ.”

ಕೀ ಇನ್ನೂ ತೂತಿಗೆ ಹೋಗಿರಲಿಲ್ಲ, ಅವಳ ಕೈಯಲ್ಲೇ ಇತ್ತು.