ಎರಡು ಹನಿ ಕಡಿಮೆ

ವರ್ಷಕ್ಕೆ ಒಂಬತ್ತು ತಿಂಗಳು ಬೇಸಿಗೆಯಾದ ಮೇಲೆ, ಉಷ್ಣಮಾಪಕದ ಕೆಂಪು ಐವತ್ತು ಮುಟ್ಟಿದೊಡನೆ ಕಲ್ಲುಗಣಿಯವರು ಕೆಲಸ ನಿಲ್ಲಿಸಬೇಕೆಂಬ ಕಾಯಿದೆ ಬಂದಿತ್ತು. ಅಂದಿನಿಂದ ಶರಣವ್ವ ಕಾರ್ಖಾನೆಯಲ್ಲಿ ಸುತ್ತಲಿನ ಗಣಿಗಳಿಗೆಲ್ಲ ಹೋಗುವ ಉಷ್ಣಮಾಪಕದ ಗಾಜಿನ ಕೊಳವೆಗಳಿಗೆ ಕೆಂಪು ಸ್ಪಿರಿಟ್ ತುಂಬುತ್ತಿದ್ದಳು.

"ಎರಡು ಹನಿ ಕಡಿಮಿ ಹಾಕವ್ವಾ. ಐವತ್ತು ಜರಾ ತಡಾ ಮಾಡಿ ಬರ್ಲಿ," ಎಂದು ಮೇಸ್ತ್ರಿ ಮೊದಲ ದಿನವೇ ಹೇಳಿಕೊಟ್ಟಿದ್ದ. ಕೊಳ್ಳುವವರು ಗಣಿಯ ಮಾಲೀಕರೇ ಆದ್ದರಿಂದ ಅವಳು ಹಾಗೆಯೇ ಹಾಕುತ್ತ ಬಂದಳು.

ಬಸುರಿ ಮಗಳು ನೀಲವ್ವ ಗಣಿಗೆ ಸೇರಿದಾಗ, ಆ ಗಣಿಗೆ ಹೋಗುವ ಒಂದು ಕೊಳವೆಯನ್ನು ಮಾತ್ರ ಶರಣವ್ವ ಕದ್ದುಮುಚ್ಚಿ ಪೂರಾ ತುಂಬಿದಳು.

ಅದನ್ನು ಗಣಿಯಲ್ಲಿ ತೂಗುಹಾಕಿದ ದಿನ ಸಂಜೆ ನೀಲವ್ವ ಹೊಸ್ತಿಲಲ್ಲೇ ಕುಸಿದು ಕೂತಳು.

"ಯಾಕ ಮಗಳ, ಐವತ್ತಕ್ಕ ಬಿಡ್ಲಿಲ್ಲೇನು?"

"ಹೊಸಾ ಕೊಳವಿ ಮುಂಜಾನೆ ಹನ್ನೊಂದಕ್ಕ ಐವತ್ತು ತೋರಿಸ್ತು ಯವ್ವಾ. ಹಾರಿ ಗುದ್ದಲಿ ಕೆಳಗಿಟ್ಟು ಎದ್ವಿ. ಮಾಲಕ ಬಾಜೂ ಗಣಿಗಳಿಂದ ನಾಲ್ಕು ತರಿಸಿ ಹಚ್ಚಿ ನೋಡ್ದ. ನಾಲ್ಕೂ ನಲವತ್ತೇಳು ಅಂದ್ವು. ಹೊಸಾದನ್ನ ಒಡದು ಒಗದ್ರು."

"ನೀವ್ಯಾರೂ ಏನೂ ಅನ್ಲಿಲ್ಲೇನು?"

"ಏನಂತೀವಿ? ಹೊಸಾದೊಂದು ಕೆಟ್ಟಿರಬೇಕು, ಆ ನಾಲ್ಕೂ ನಮ್ಮವ್ವ ತುಂಬಿದ್ವು, ಸುಳ್ಳು ಹೇಳಂಗಿಲ್ಲ ಅಂತ ನಾನ ಸಾಕ್ಷಿ ಹೇಳ್ದೆ."