ಏನೂ ಇಲ್ಲದ ತಲೆ

"ನಿಮ್ಮ ಮಿದುಳಿನ ಪಕ್ಕ ನೀರು ತುಂಬಿದ ಗುಳ್ಳೆಯೊಂದಿದೆ, ತೊಂದರೆಯೇನಿಲ್ಲ," ಎಂದರು ಡಾಕ್ಟರು, ತುಂಗಮ್ಮನವರ ಸ್ಕ್ಯಾನ್ ನೋಡುತ್ತಾ. "ಇಂಥವರ ಮಿದುಳಿನಲ್ಲಿ ಒಂದು ಪೋಷಕಾಂಶ ಕಡಿಮೆ ಇರುತ್ತಾ ಅಂತ ಸಂಶೋಧನೆ ಮಾಡ್ತಿದ್ದೀವಿ. ಹೋಲಿಸಿ ನೋಡೋಕೆ ತಲೆಯಲ್ಲಿ ಏನೂ ಇಲ್ಲದವರೂ ಬೇಕು."

ತುಂಗಮ್ಮ ತಡಮಾಡಲಿಲ್ಲ. "ನಮ್ಮ ಯಜಮಾನರು ಹೊರಗೇ ಕೂತಿದ್ದಾರೆ. ಮೂವತ್ತು ವರ್ಷದಿಂದ ನೋಡ್ತಿದ್ದೀನಿ, ಅವರ ತಲೆಯಲ್ಲಿ ಏನೂ ಇಲ್ಲ."

ಬಾಗಿಲಾಚೆಯಿಂದಲೇ ಇದನ್ನು ಕೇಳಿಸಿಕೊಂಡ ಯಜಮಾನರು ಎದ್ದು ಹೋಗಿ ಸ್ಕ್ಯಾನ್ ಮಾಡಿಸಿಕೊಂಡರು.

ಸಂಜೆ ಡಾಕ್ಟರು ಇಬ್ಬರನ್ನೂ ಕೂರಿಸಿಕೊಂಡು ಮೆಲ್ಲಗೆ ಹೇಳಿದರು. "ಗಾಬರಿಯಾಗಬೇಡಿ ಸಾರ್, ಅಪಾಯವಿಲ್ಲ. ಆದರೆ ನಿಮ್ಮ ತಲೆಯಲ್ಲೂ ಅಂಥದೇ ಒಂದು ಗುಳ್ಳೆ ಇದೆ."

ತುಂಗಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಯಜಮಾನರು ಕುರ್ಚಿಯನ್ನು ಮುಂದಕ್ಕೆಳೆದುಕೊಂಡರು.

"ನನ್ನ ತಲೆಯಲ್ಲೂ ಏನೋ ಇದೆ ಅಂತ ಬರೆದು, ಸೀಲ್ ಹಾಕಿ, ಇವಳ ಕೈಗೇ ಕೊಡಿ ಡಾಕ್ಟ್ರೇ."